ಟೈಲರಮ್ಮ ಮಾತ್ರೆ ಬಚ್ಚಿಟ್ಟ ಕಥೆ

ಹೊಲಿಗೆ ಅಂಗಡಿಯಲ್ಲಿ ಬೆಳಗ್ಗೆ ಹನ್ನೊಂದು ಗಂಟೆಗೆ ಯಾರಾದರೂ ನಿದ್ದೆ ಹೋಗುತ್ತಾರೆಯೇ? ಅದೂ ನಮ್ಮ ಟೈಲರಮ್ಮ! ಇಪ್ಪತ್ತೆರಡು ವರ್ಷದಿಂದ ಆ ಮಷಿನ್ ಮುಂದೆ ಕೂತವಳು ಒಂದು ದಿನ ಆಕಳಿಸಿದ್ದನ್ನು ಕಂಡವರಿಲ್ಲ. ಅಂಥವಳು ಆ ಬುಧವಾರ ಒಂದು ಪ್ಯಾಂಟಿನ ಕಾಲು ಮಡಿಸಿ ಹೊಲಿಯುತ್ತಾ ಹೊಲಿಯುತ್ತಾ ತಲೆ ವಾಲಿಸಿ, ಬಟ್ಟೆಯ ಮೇಲೆಯೇ ಕೆನ್ನೆ ಇಟ್ಟು ಮಲಗಿಬಿಟ್ಟಳು. ಪುಣ್ಯಕ್ಕೆ ಕಾಲು ಪೆಡಲಿನಿಂದ ಜಾರಿತ್ತು. ಇಲ್ಲದಿದ್ದರೆ ಸೂಜಿ ಬೆರಳನ್ನೂ ಸೇರಿಸಿ ಹೊಲಿದುಬಿಡುತ್ತಿತ್ತು.

ಎಚ್ಚರವಾದಾಗ ಪ್ಯಾಂಟು ಅಲ್ಲಿರಲಿಲ್ಲ. ಎದುರಿನ ಮಷಿನ್‌ನಲ್ಲಿ ಕೂತು ಅದನ್ನು ನಾದಿನಿ ಪುಟ್ಟಿ ಹೊಲಿಯುತ್ತಿದ್ದಳು. ಪುಟ್ಟಿ ಎಂದರೆ ಚಿಕ್ಕ ಹುಡುಗಿ ಅಂದುಕೊಳ್ಳಬೇಡಿ. ಮೂವತ್ತೆರಡು ವರ್ಷ, ಆಳೆತ್ತರ, ಹೆಸರು ಮಾತ್ರ ಪುಟ್ಟಿ.

"ನನ್ನ ಕೈಲಿದ್ದಿದ್ದನ್ನ ಯಾಕೆ ತಗೊಂಡೆ?"

"ನೀವು ನಿದ್ದೆ ಹೋಗಿದ್ರಿ ಅತ್ತಿಗೆ. ಒಳಗೆ ಹೋಗಿ ಮಲಕ್ಕೊಳ್ಳಿ. ಅಂಗಡಿ ನಾನು ನೋಡ್ಕೋತೀನಿ."

ಅಂಗಡಿ ನಾನು ನೋಡ್ಕೋತೀನಿ! ಬೇರೆ ದಿನವಾಗಿದ್ದರೆ ಟೈಲರಮ್ಮ ಈ ಮಾತು ಕೇಳಿ ಸಂತೋಷಪಡುತ್ತಿದ್ದಳು. ಅವತ್ತು ಅದು ಎದೆಗೆ ನಾಟಿತು. ಒಳಗೆ ಹೋಗಿ ಮಲಗಿದಳು, ಆದರೆ ಕಿವಿ ಅಂಗಡಿಯಲ್ಲೇ ಇತ್ತು.

ಟೈಲರಮ್ಮನಿಗೆ ಸ್ತನದಲ್ಲಿ ಗಂಟು ಕಂಡು ಐದು ತಿಂಗಳಾಗಿತ್ತು. ಕ್ಯಾನ್ಸರ್ ಎಂದರು. ಆಪರೇಷನ್ ಆಯಿತು. ಆಮೇಲೆ ಮೂರು ವಾರಕ್ಕೊಮ್ಮೆಯಂತೆ ಆರು ಸಲ ಕಿಮೊ ಕೊಡಬೇಕು ಎಂದರು. ಮೊದಲೆರಡು ಸಲ ಕಿಮೊ ಆದಮೇಲೆ ವಾಂತಿಯೋ ವಾಂತಿ, ಕರುಳು ಬಾಯಿಗೆ ಬಂದಂತೆ. ಹಾಗಾಗಿ ಮೂರನೆಯ ಸಲ, ಅಂದರೆ ಈ ಸೋಮವಾರ, ಡಾಕ್ಟರು ವಾಂತಿ ತಡೆಯಲು ಹೊಸದೊಂದು ಮಾತ್ರೆ ಸೇರಿಸಿ, ಒಟ್ಟು ಮೂರು ಬಗೆಯ ಮಾತ್ರೆ ಕೊಟ್ಟಿದ್ದರು. ಸುಳ್ಳು ಹೇಳಬಾರದು, ವಾಂತಿ ನಿಂತಿತು. ಆದರೆ ಬೇರೆಯದೆಲ್ಲ ಶುರುವಾಯಿತು. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಗೂಬೆಯಂತೆ ಎಚ್ಚರ. ತಲೆನೋವು. ಹೊಟ್ಟೆ ಮೂರು ದಿನದಿಂದ ಕಲ್ಲು. ಆ ವಿಷಯ ಯಾರ ಹತ್ತಿರ ಹೇಳುವುದು? ಗಂಡನ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ನಿದ್ದೆಯಿಲ್ಲದ ತಲೆಗೆ ಅನುಮಾನ ಬೇಗ ಹತ್ತುತ್ತದೆ. ಟೈಲರಮ್ಮನ ಗಂಡ ಸಿಟಿ ಬಸ್ಸಿನ ಡ್ರೈವರು. ಬಸ್ಸಿನ ಹಾರ್ನಿನಷ್ಟು ದೊಡ್ಡ ದನಿ ಅವನದು. ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳಬೇಕು. ಅಂಥವನು ಎರಡು ದಿನದಿಂದ ಪಿಸಪಿಸ ಮಾತಾಡುತ್ತಿದ್ದ. ಯಾರ ಜೊತೆ? ತಂಗಿಯ ಜೊತೆ. ಸಂಜೆ ಡ್ಯೂಟಿ ಮುಗಿಸಿ ಬಂದವನೇ ಪುಟ್ಟಿಯನ್ನು ಕರೆದುಕೊಂಡು ಹಿಂದಿನ ಕೋಣೆಗೆ ಹೋಗುವುದು, ಚಿಲಕ ಹಾಕಿಕೊಳ್ಳುವುದು. ಟೈಲರಮ್ಮ ಬಾಗಿಲು ತಟ್ಟಿದರೆ ಒಳಗೆ ಸದ್ದಡಗುವುದು.

"ಏನ್ರೀ ಮಾಡ್ತಿದ್ದೀರ ಒಳಗೆ?"

"ಫ್ಯಾನು ರಿಪೇರಿ ಕಣೇ. ನೀನು ಆರಾಮಾಗಿ ಮಲ್ಕೋ ಹೋಗು."

ಆ ಕೋಣೆಯಲ್ಲಿ ಫ್ಯಾನೇ ಇರಲಿಲ್ಲ! ಇಪ್ಪತ್ತು ವರ್ಷದ ಸಂಸಾರದಲ್ಲಿ ಈ ಮನುಷ್ಯನಿಗೆ ಒಂದು ಸುಳ್ಳನ್ನೂ ನೆಟ್ಟಗೆ ಹೇಳಲು ಬರಲಿಲ್ಲವಲ್ಲ ಎಂದು ಟೈಲರಮ್ಮನಿಗೆ ಸಿಟ್ಟಿನಲ್ಲೂ ಬೇಜಾರಾಯಿತು.

ಹಾಸಿಗೆಯಲ್ಲಿ ಬಿದ್ದುಕೊಂಡು ಅವಳು ಒಂದಕ್ಕೊಂದು ಜೋಡಿಸಿ ನೋಡಿದಳು. ಹೊಸ ಮಾತ್ರೆ ಬಂತು, ನಿದ್ದೆ ಬಂತು. ನಿದ್ದೆ ಬಂತು, ಪುಟ್ಟಿ ಅಂಗಡಿ ನೋಡಿಕೊಳ್ಳಲು ಬಂದಳು. ಅಣ್ಣ ತಂಗಿ ಪಿಸಪಿಸ. ಎಲ್ಲರ ಬಾಯಲ್ಲೂ ಒಂದೇ ಮಾತು, ಮಲ್ಕೋ, ಮಲ್ಕೋ. ಇನ್ನೇನು ಬೇಕು? ಡಾಕ್ಟರು ಇವರಿಗೆ ಮಾತ್ರ ಹೇಳಿರಬೇಕು, ಇವಳು ಉಳಿಯುವುದಿಲ್ಲ, ಇನ್ನು ನಿದ್ದೆ ಮಾತ್ರೆ ಕೊಟ್ಟು ಸುಮ್ಮನೆ ಮಲಗಿಸಿಡಿ ಎಂದು. ಇವರು ಆಗಲೇ ಅಂಗಡಿ ಹಂಚಿಕೊಳ್ಳುತ್ತಿದ್ದಾರೆ. ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗಾಗಿತ್ತು ಅವಳ ಸ್ಥಿತಿ. ಆದರೆ ಅವಳ ಭಯ ಸುಳ್ಳಲ್ಲ. ಸಾಯುತ್ತೇನೆಂಬ ಭಯಕ್ಕಿಂತ, ಸಾಯುವ ವಿಷಯ ತನಗೊಬ್ಬಳಿಗೇ ಗೊತ್ತಿಲ್ಲವೆಂಬ ಭಯ ಅವಳನ್ನು ತಿನ್ನುತ್ತಿತ್ತು.

ಟೈಲರಮ್ಮ ಪರೀಕ್ಷೆಗೆ ಇಳಿದಳು. ಅವತ್ತು ಸಂಜೆಯಿಂದಲೇ ಎಲ್ಲ ಮಾತ್ರೆ ಬಂದ್. ಗಂಡ ನೀರು ತಂದುಕೊಟ್ಟರೆ ಮಾತ್ರೆ ಬಾಯಿಗೆ ಹಾಕಿದ ಹಾಗೆ ಮಾಡಿ, ನೀರಷ್ಟೇ ಕುಡಿದು, ಮಾತ್ರೆಯನ್ನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಡಬ್ಬಿಗೆ ಸೇರಿಸಿದಳು. ಗುರುವಾರ ಬೆಳಗ್ಗೆಯೂ ಅದೇ ನಾಟಕ. ಮಧ್ಯಾಹ್ನದ ಹೊತ್ತಿಗೆ ನೋಡುತ್ತಾಳೆ, ತೂಕಡಿಕೆ ಮಾಯ! ಕಣ್ಣು ಕನ್ನಡಿಯಂತೆ ತಿಳಿಯಾಗಿತ್ತು.

"ಸಿಕ್ಕಿಬಿದ್ರಲ್ಲ ಎಲ್ಲರೂ," ಎಂದುಕೊಂಡಳು.

ಆ ಗೆಲುವು ಸಂಜೆಯವರೆಗೂ ಉಳಿಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೊಟ್ಟೆ ತೊಳಸಲು ಶುರುವಾಯಿತು. ಆಮೇಲೆ ಬಕೆಟ್ ಬಿಟ್ಟು ಏಳಲು ಆಗಲಿಲ್ಲ. ಶುಕ್ರವಾರ ಬೆಳಗ್ಗೆ ಒಂದು ಗುಟುಕು ನೀರು ಕುಡಿದರೂ ಅದು ಹೋದ ದಾರಿಯಲ್ಲೇ ವಾಪಸ್ಸು ಬಂತು. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

ಗಂಡ ಬೆನ್ನು ಸವರಲು ಬಂದರೆ ಅವನ ಕೈ ತಳ್ಳಿದಳು. "ನಾಲ್ಕನೇ ಕಿಮೊಗೆ ನಾನು ಬರಲ್ಲ. ಐದನೇದೂ ಬೇಡ, ಆರನೇದೂ ಬೇಡ. ನಿಮ್ಮ ನಾಟಕ ನನಗೆ ಗೊತ್ತಾಗಿದೆ."

"ಯಾವ ನಾಟಕಾನೇ?" ಅವನು ಹಾಸಿಗೆಯ ಪಕ್ಕದಲ್ಲೇ ಕುಕ್ಕರಿಸಿದ. "ಅರ್ಧಕ್ಕೆ ಬಿಟ್ರೆ ಗತಿಯೇನು? ಹೇಳು, ನಮ್ಮ ಗತಿಯೇನು?"

ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಪುಟ್ಟಿ ಆಸ್ಪತ್ರೆಯ ಕಾರ್ಡ್ ಹುಡುಕಿ, ಅದರ ಹಿಂದೆ ಬರೆದಿದ್ದ ನಂಬರಿಗೆ ಫೋನು ಮಾಡಿದಳು. ಮಾಡುವಾಗ ಬಾಗಿಲಾಚೆ ಹೋದಳು ನೋಡಿ, ಅದೂ ಟೈಲರಮ್ಮನ ಲೆಕ್ಕಕ್ಕೆ ಸೇರಿತು.

ಅರ್ಧ ಗಂಟೆಯಲ್ಲಿ ಆಸ್ಪತ್ರೆಯಿಂದ ಮನೆಮನೆಗೆ ಬರುವ ನರ್ಸು ಬಂದರು. ದಪ್ಪ ದೇಹ, ಭುಜಕ್ಕೆ ದೊಡ್ಡ ಚೀಲ, ಮೆಟ್ಟಿಲು ಹತ್ತಿ ಏದುಸಿರು. ಬಂದವರೇ ಜ್ವರ ನೋಡಿದರು, ನಾಡಿ ನೋಡಿದರು, ಬಿ.ಪಿ. ನೋಡಿದರು.

"ಜ್ವರ ಇಲ್ಲ, ಒಳ್ಳೇದಾಯ್ತು. ಆದ್ರೆ ಮೈಯಲ್ಲಿ ನೀರು ಕಮ್ಮಿ ಆಗಿದೆ. ಇವತ್ತೇ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸ್ಬೇಕು. ಅದಕ್ಕೆ ಮುಂಚೆ ಹೇಳಿ ಟೈಲರಮ್ಮ, ಮಾತ್ರೆ ತಗೊಂಡ್ರೂ ಇಷ್ಟು ವಾಂತಿನಾ?"

ಟೈಲರಮ್ಮ ಗಂಡನನ್ನೂ ನಾದಿನಿಯನ್ನೂ ನೋಡಿದಳು. "ಇವರಿಬ್ಬರೂ ಹೊರಗೆ ಹೋಗ್ಲಿ."

ಇಬ್ಬರೂ ಹೋದರು. ಬಾಗಿಲು ಮುಚ್ಚಿಕೊಂಡ ಮೇಲೆ ಅವಳು ನರ್ಸಿನ ಮಣಿಕಟ್ಟು ಹಿಡಿದುಕೊಂಡಳು.

"ಬುಧವಾರ ಸಂಜೆಯಿಂದ ನಾನು ಒಂದು ಮಾತ್ರೇನೂ ನುಂಗಿಲ್ಲ. ಸಿಸ್ಟರ್, ನಿಮ್ಮ ಮಕ್ಕಳಾಣೆ, ನಿಜ ಹೇಳಿ. ನನಗೆ ನಿದ್ದೆ ಮಾತ್ರೆ ಯಾಕೆ ಕೊಟ್ಟಿದ್ದೀರಿ? ನಾನು ಸಾಯ್ತೀನಾ?"

ನರ್ಸ್ ನಗಲಿಲ್ಲ, ಗದರಲೂ ಇಲ್ಲ. ಹಾಸಿಗೆಯ ಅಂಚಿನಲ್ಲಿ ಕೂತರು.

"ನಿಮಗೆ ಕಿಮೊ ಕೊಡ್ತಿರೋದು ಕಾಯಿಲೆ ಮತ್ತೆ ಬರದೇ ಇರ್ಲಿ ಅಂತ. ನಿಮ್ಮಿಂದ ಮುಚ್ಚಿಟ್ಟಿರೋ ರಿಪೋರ್ಟ್ ಯಾವುದೂ ಇಲ್ಲ. ಡಾಕ್ಟರ ಎದುರಿಗೇ ಕೂತು ಕೇಳಿ, ನಾನು ಪಕ್ಕದಲ್ಲಿರ್ತೀನಿ. ಇನ್ನು ಆ ಮಾತ್ರೆ ವಿಷಯ. ರಾತ್ರಿ ತಗೊಳ್ಳೋ ಮಾತ್ರೆ ನಿದ್ದೆ ತರೋದು ನಿಜ. ಅದು ವಾಂತಿ ತಡೆಯೋಕೆ ಕೊಟ್ಟಿರೋದು, ನಿದ್ದೆ ಅದರ ಅಡ್ಡಪರಿಣಾಮ. ಅದಕ್ಕೇ ಮಲಗೋ ಹೊತ್ತಿಗೆ ಕೊಡೋದು."

"ನಾನೂ ರಾತ್ರೀನೇ ನುಂಗಿದ್ದು! ಎಲ್ಲಿ ಬಂತು ನಿದ್ದೆ? ಎರಡು ರಾತ್ರಿ ಸೂರು ನೋಡ್ತಾ ಬಿದ್ದಿದ್ದೆ. ಬೆಳಗಾದ್ರೆ ತೂಕಡಿಕೆ. ಇದೇನು ಸಿಸ್ಟರ್, ರಾತ್ರಿ ನುಂಗಿದ ನಿದ್ದೆ ಮಾರನೇ ದಿನ ಹನ್ನೊಂದು ಗಂಟೆಗೆ ಮನೆಗೆ ಬರುತ್ತಾ?"

ನರ್ಸಿನ ಹುಬ್ಬು ಗಂಟಾಯಿತು. "ಮಾತ್ರೆಗಳನ್ನ ತೋರಿಸಿ."

ಟೈಲರಮ್ಮ ದಿಂಬಿನ ಪಕ್ಕದಿಂದ ಒಂದು ಚಪ್ಪಟೆ ಡಬ್ಬಿ ತೆಗೆದುಕೊಟ್ಟಳು. ಪಾರದರ್ಶಕ ಮುಚ್ಚಳ, ಒಳಗೆ ಹನ್ನೆರಡು ಮನೆ. ಗುಂಡಿ ಡಬ್ಬಿ! ಕೆಲವು ಮನೆಗಳಲ್ಲಿ ಕೋಟಿನ ಗುಂಡಿ, ಕೊಕ್ಕೆ, ಪ್ರೆಸ್ ಬಟನ್. ಕೆಳಗಿನ ಸಾಲಿನಲ್ಲಿ ಮಾತ್ರೆಗಳು. ಹಳದಿಯದು ಒಂದು ಮನೆಯಲ್ಲಿ, ಬಿಳಿಯದು ಎರಡು ಮನೆಯಲ್ಲಿ.

"ಅಯ್ಯೋ ದೇವರೇ. ಇದ್ಯಾಕೆ ಹೀಗೆ ಬಿಡಿಸಿ ಇಟ್ಟಿದ್ದೀರಿ?"

ಟೈಲರಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಂಗಡಿಗೆ ಬಂದ ಗುಂಡಿ ಕಾರ್ಡಿನ ಮೇಲೆ ಒಂದು ಗಂಟೆಯೂ ಕೂರುವ ಹಾಗಿಲ್ಲ. ಕತ್ತರಿಸು, ಅಳತೆ ನೋಡಿ ಮನೆಗೆ ಹಾಕು, ಕಾರ್ಡು ಬಿಸಾಕು. ಇದು ಅವಳ ಗುರು ಕಲಿಸಿದ ಮೊದಲ ಪಾಠ. ಮಾತ್ರೆ ಬಂದ ದಿನವೂ ಕೈ ಅದನ್ನೇ ಮಾಡಿತ್ತು.

"ದೊಡ್ಡ ಬಿಳಿ ಬೆಳಗ್ಗೆಗೆ, ಚಿಕ್ಕ ಬಿಳಿ ರಾತ್ರಿಗೆ," ಎಂದಳು. "ಕೂದಲೆಳೆಯಷ್ಟು ವ್ಯತ್ಯಾಸ. ಬೇರೆಯವರಿಗೆ ಗೊತ್ತಾಗಲ್ಲ, ನನ್ನ ಕಣ್ಣಿಗೆ ಗೊತ್ತಾಗುತ್ತೆ."

"ಮಾತ್ರೆ ಬಂದ ಸ್ಟ್ರಿಪ್ ಎಲ್ಲಿ?"

ಸ್ಟ್ರಿಪ್ ಚಿಂದಿ ಚೀಲದಲ್ಲಿತ್ತು. ನರ್ಸ್ ಕೂಗಿದ್ದೇ ತಡ, ಬಾಗಿಲಿಗೇ ಕಿವಿ ಕೊಟ್ಟು ನಿಂತಿದ್ದ ಪುಟ್ಟಿ ಓಡಿಹೋಗಿ ಚೀಲವನ್ನೇ ತಂದು ನೆಲಕ್ಕೆ ಸುರಿದಳು. ಬಟ್ಟೆ ಚೂರುಗಳ ನಡುವೆ ಖಾಲಿ ಸ್ಟ್ರಿಪ್‌ಗಳು ಸಿಕ್ಕವು. ಒಂದೊಂದಕ್ಕೂ ಆಸ್ಪತ್ರೆಯವರು ಚೀಟಿ ಅಂಟಿಸಿದ್ದರು. ಒಂದರ ಮೇಲೆ "ಬೆಳಗ್ಗೆ, ತಿಂಡಿ ಆದಮೇಲೆ". ಇನ್ನೊಂದರ ಮೇಲೆ "ರಾತ್ರಿ, ಮಲಗುವಾಗ".

ನರ್ಸ್ ಏನೂ ಹೇಳುವ ಮೊದಲೇ ಟೈಲರಮ್ಮ ಸ್ಟ್ರಿಪ್ ಕಸಿದುಕೊಂಡಳು. ಕಾಜಾಕ್ಕೆ ಗುಂಡಿ ಅಳತೆ ನೋಡುವಂತೆ ಚಿಕ್ಕ ಬಿಳಿ ಮಾತ್ರೆಯನ್ನು "ರಾತ್ರಿ" ಎಂದಿದ್ದ ಸ್ಟ್ರಿಪ್‌ನ ಕುಳಿಯಲ್ಲಿ ಕೂರಿಸಿದಳು. ಅದು ಒಳಗೆ ಸಡಿಲವಾಗಿ ಅಲ್ಲಾಡಿತು. "ಬೆಳಗ್ಗೆ" ಸ್ಟ್ರಿಪ್‌ನಲ್ಲಿ ಕೂರಿಸಿದಳು. ಹೇಳಿ ಮಾಡಿಸಿದ ಹಾಗೆ ಕೂತಿತು. ದೊಡ್ಡ ಬಿಳಿಯದು ಆ ಕುಳಿಗೆ ಹಿಡಿಸಲೇ ಇಲ್ಲ.

ಅವಳ ಮುಖ ಬಿಳಿಚಿಕೊಂಡಿತು. ಯಾರೋ ಮೋಸ ಮಾಡುತ್ತಿದ್ದಾರೆಂದು ಮೂರು ದಿನ ಮನೆಯವರನ್ನೆಲ್ಲ ಅನುಮಾನಿಸಿದ್ದಳು. ಕೈ ತಪ್ಪಿದ್ದು ತನ್ನದೇ ಆಗಿತ್ತು.

"ಅದಲು ಬದಲು ಮಾಡ್ಕೊಂಡಿದ್ದೀನಿ," ಎಂದಳು ಮೆಲ್ಲಗೆ.

"ಹೌದು. ಬೆಳಗ್ಗೆ ಮಾತ್ರೆ ಚುರುಕು ಕೊಡುತ್ತೆ, ಹಸಿವು ಹೆಚ್ಚಿಸುತ್ತೆ, ನಿದ್ದೆ ಓಡಿಸುತ್ತೆ. ಕೆಲವರಿಗೆ ಸಿಡಿಮಿಡಿನೂ ಬರುತ್ತೆ, ಸಕ್ಕರೆ ಕಾಯಿಲೆ ಇದ್ದೋರಿಗೆ ಸಕ್ಕರೆ ಏರುತ್ತೆ. ಅದನ್ನ ನೀವು ರಾತ್ರಿ ನುಂಗಿದ್ರಿ. ನಿದ್ದೆ ತರೋದನ್ನ ನುಂಗಿ ಸೂಜಿ ಮುಂದೆ ಕೂತ್ರಿ. ಬೆರಳು ಉಳಿದಿದ್ದೇ ಹೆಚ್ಚು!"

"ಹಾಗಾದ್ರೆ ಈ ಹೊಟ್ಟೆ... ಅದೂ ನನ್ನ ತಪ್ಪೇನಾ?" ಟೈಲರಮ್ಮ ತಲೆ ತಗ್ಗಿಸಿ, ಐದು ದಿನದಿಂದ ಹೊಟ್ಟೆ ಕಟ್ಟಿಕೊಂಡಿರುವ ವಿಷಯವನ್ನು ಮೊದಲ ಸಲ ಹೇಳಿದಳು.

"ಅಲ್ಲ. ಅದು ಹೆಚ್ಚಾಗಿ ಹಳದಿ ಮಾತ್ರೆ ಕೆಲಸ. ತಲೆನೋವೂ ಅದರಿಂದ ಬರೋದುಂಟು. ಮಾತ್ರೆ ಮೇಲೆ ನೀವು ಅನುಮಾನ ಪಟ್ಟಿದ್ದು ಪೂರ್ತಿ ತಪ್ಪೇನಲ್ಲ. ಆದ್ರೆ ನಮಗೆ ಹೇಳ್ದೆ ಮಾತ್ರೇನೇ ಬಿಟ್ರಿ ನೋಡಿ, ಅದು ತಪ್ಪು. ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ? ಹೊಟ್ಟೆ ಕಟ್ಟಿದ್ರೆ ಅದಕ್ಕೆ ಔಷಧಿ ಇದೆ. ನೀರು ನಿಲ್ಲೋ ಹಾಗಾದ ಮೇಲೆ ಗುಟುಕು ಗುಟುಕಾಗಿ ಕುಡೀಬೇಕು, ಮನೆಯೊಳಗೇ ನಾಲ್ಕು ಹೆಜ್ಜೆ ಓಡಾಡ್ಬೇಕು. ಅಂಗಡಿಯಿಂದ ನೀವೇ ಭೇದಿ ಮಾತ್ರೆ ತಂದು ನುಂಗಬಾರದು, ನಮ್ಮನ್ನ ಕೇಳಿ. ಮೂರು ದಿನ ಕಾಯೋದೇ ಬೇಡ, ಎರಡನೇ ದಿನಾನೇ ಫೋನ್ ಮಾಡಿ."

"ಬಿಟ್ಟಿರೋ ಮಾತ್ರೆ ಎಲ್ಲಾ ಸೇರಿಸಿ ಈಗ ನುಂಗ್ಲಾ?"

"ಅಮ್ಮಾ ತಾಯಿ, ಬೇಡ! ಡಾಕ್ಟರ್‌ನ ಕೇಳದೆ ಒಂದೂ ಬೇಡ."

ನರ್ಸ್ ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದರು. ಮಾತ್ರೆ ಅದಲು ಬದಲಾದದ್ದು, ಹೊಟ್ಟೆ ಕಟ್ಟಿದ್ದು, ವಾಂತಿ ಯಾವಾಗ ಶುರುವಾಯಿತು, ಎಲ್ಲವನ್ನೂ ಹೇಳಿ, ಹೊಟ್ಟೆಯನ್ನೂ ಪರೀಕ್ಷೆ ಮಾಡಲು ಕೇಳಿದರು. ಬಿಡಿ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಸುರಿದು ವಾಪಸ್ಸು ಕೊಡಲು ತೆಗೆದಿಟ್ಟುಕೊಂಡರು.

ಗಂಡ ಬಾಗಿಲಲ್ಲಿ ನಿಂತಿದ್ದ. ಟೈಲರಮ್ಮನಿಗೆ ಇನ್ನೂ ಒಂದು ಮುಳ್ಳು ಉಳಿದಿತ್ತು.

"ಸರಿ, ಮಾತ್ರೆ ತಪ್ಪು ನಂದೇ. ಆದ್ರೆ ಹಿಂದಿನ ಕೋಣೆಲಿ ಚಿಲಕ ಹಾಕ್ಕೊಂಡು ಏನು ಮಾಡ್ತಿದ್ರಿ? ಫ್ಯಾನಿಲ್ಲದ ಕೋಣೇಲಿ ಫ್ಯಾನು ರಿಪೇರಿ ಮಾಡೋ ಗಂಡಸು ನೀವೊಬ್ಬರೇ."

ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು. ಪುಟ್ಟಿ ಗಳಗಳ ಅತ್ತುಬಿಟ್ಟಳು. ಒಳಗೆ ಹೋಗಿ ಒಂದು ಗಂಟು ತಂದು ಬಿಚ್ಚಿದಳು. ಬೇಕರಿಯವರು ಹೊಲಿಯಲು ಹೇಳಿದ್ದ ಏಪ್ರನ್‌ಗಳು, ಮೂವತ್ತು. ಕೆಲವಕ್ಕೆ ಜೇಬು ಬಿಚ್ಚಿತ್ತು, ಉಳಿದ ಪ್ರತಿಯೊಂದಕ್ಕೂ ಜೇಬು ತಲೆಕೆಳಗು! ಬಾಯಿ ನೆಲದ ಕಡೆ.

"ಸೋಮವಾರ ನೀವು ಕಿಮೊಗೆ ಹೋದಾಗ ಜೇಬೆಲ್ಲ ನಾನೊಬ್ಬಳೇ ಹೊಲಿದೆ ಅತ್ತಿಗೆ. ನಿಮಗೆ ಗೊತ್ತಾದ್ರೆ ಚಿಂತೆ ಮಾಡ್ತೀರಿ ಅಂತ ಅಣ್ಣ ಹೇಳ್ದ. ಕೂತು ಇಬ್ರೂ ಹೊಲಿಗೆ ಬಿಚ್ತಾ ಇದ್ವಿ. ನನಗೆ ಅಂಗಡಿ ನೋಡ್ಕೊಳ್ಳೋಕೆ ಎಲ್ಲಿ ಬರುತ್ತೆ? ನೀವು ಬೇಗ ಬಂದು ಕೂತ್ರೆ ಸಾಕಾಗಿದೆ ನನಗೆ."

ಟೈಲರಮ್ಮ ಒಂದು ಏಪ್ರನ್ ಎತ್ತಿ ನೋಡಿದಳು. "ಇದರಲ್ಲಿ ಒಂದು ಬನ್ನಾದ್ರೂ ನಿಲ್ಲುತ್ತೇನೇ?" ಎಂದವಳು ನಗಲು ಹೋಗಿ ಕೆಮ್ಮಿ, ಕೆಮ್ಮಲು ಹೋಗಿ ಅತ್ತು, ಕೊನೆಗೆ ಪುಟ್ಟಿಯ ತಲೆಯನ್ನು ಎದೆಗೆ ಒತ್ತಿಕೊಂಡಳು. "ನನ್ನ ಅಂಗಡಿ ಹೊಡ್ಕೊಳ್ಳೋಕೆ ನಿಂತಿದ್ದೀಯ ಅಂದ್ಕೊಂಡೆ ಕಣೇ. ನಿನ್ನ ಮೇಲೆ ಅಂಥಾ ಪಾಪದ ಮಾತು ಮನಸ್ಸಿಗೆ ತಂದ್ಕೊಂಡೆ."

"ಡ್ರೈವರ್ ಸಾಹೇಬ್ರೇ," ಎಂದರು ನರ್ಸು ಚೀಲ ಹೆಗಲಿಗೇರಿಸುತ್ತಾ, "ಕಾಯಿಲೆಯವರ ಎದುರಿಗೆ ಪಿಸಪಿಸ ಬೇಡ. ಏಪ್ರನ್ ವಿಷಯವಾದ್ರೂ ಸರಿ, ಗಟ್ಟಿಯಾಗಿ ಮಾತಾಡಿ. ನಿಮ್ಮ ಗಂಟಲಿಗೆ ಅದೇನು ಕಷ್ಟವಲ್ಲ."

ಅವತ್ತು ಮಧ್ಯಾಹ್ನ ಡ್ರಿಪ್ ಹಾಕಿದರು. ಹೊಟ್ಟೆ ಪರೀಕ್ಷೆ ಮಾಡಿ ಅದಕ್ಕೂ ಔಷಧಿ ಕೊಟ್ಟರು. ಡಾಕ್ಟರ ಎದುರು ಟೈಲರಮ್ಮ ಕೇಳಬೇಕಾದ್ದನ್ನು ಕೇಳಿದಳು, ಮುಚ್ಚಿಟ್ಟದ್ದೇನೂ ಇಲ್ಲವೆಂಬ ಉತ್ತರವನ್ನೂ ಪಡೆದಳು. ಸಂಜೆ ಮನೆಗೆ ಬಂದು ಎರಡು ತುಂಡು ಬ್ರೆಡ್ ತಿಂದಳು. ಅದು ಹೊಟ್ಟೆಯಲ್ಲೇ ಉಳಿಯಿತು.

ಮೂರು ವಾರ ಕಳೆದು ನಾಲ್ಕನೆಯ ಕಿಮೊ ದಿನ. ವಾರ್ಡಿನ ಬಾಗಿಲಲ್ಲಿ ಅದೇ ನರ್ಸು ಪಟ್ಟಿ ಹಿಡಿದು, "ಹೋದ ಸಲ ಮಾತ್ರೆಯಿಂದ ಏನೇನು ತೊಂದರೆ ಆಯ್ತು?" ಎಂದು ಕೇಳಿದರು. ಟೈಲರಮ್ಮ ಅಂಗಡಿಯ ಅಳತೆ ಪುಸ್ತಕ ತೆರೆದಳು. ಯಾವ ದಿನ ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಆಮೇಲೆ ಏನಾಯಿತು, ಎಲ್ಲ ಬರೆದಿತ್ತು. ತಲೆನೋವಿನಿಂದ ಶುರುಮಾಡಿ ಹೊಟ್ಟೆಯ ವಿಷಯಕ್ಕೆ ಬಂದಾಗ ಸಾಲಿನಲ್ಲಿ ಹಿಂದೆ ಹತ್ತು ಜನ ನಿಂತಿದ್ದರು. ಡ್ರೈವರ್ ಸಾಹೇಬರ ಕಿವಿ ಕೆಂಪಾಯಿತು.

"ಸ್ವಲ್ಪ ಮೆಲ್ಲಗೆ ಹೇಳೇ. ಎಲ್ರೂ ಕೇಳಿಸ್ಕೋತಿದ್ದಾರೆ."

"ಕೇಳಿಸ್ಕೊಳ್ಳಲಿ. ನಾಚಿಕೆ ಆದ್ರೆ ನೀವು ಹೋಗಿ ಬಸ್ಸಲ್ಲಿ ಕೂತ್ಕೊಳ್ಳಿ. ಈ ಹೊಟ್ಟೆ ಕಟ್ಕೊಂಡು ಕೂತೋಳು ನಾನು." ಅವಳು ಹಾಳೆ ತಿರುವಿದಳು. "ಬರ್ಕೊಳ್ಳಿ ಸಿಸ್ಟರ್, ಇನ್ನೂ ಮುಗಿದಿಲ್ಲ."

ಹಿಂದೆ ನಿಂತಿದ್ದ ಒಬ್ಬ ಅಜ್ಜ ಕೆಮ್ಮಿ, ಊರುಗೋಲು ಮುಂದಿಟ್ಟು, "ಅಮ್ಮಾ ನರ್ಸಮ್ಮ, ನನಗೂ ಅದೇ ತೊಂದರೆ. ಎರಡು ತಿಂಗಳಿಂದ ಯಾರಿಗೂ ಹೇಳಿಲ್ಲ," ಎಂದ.

ಡಾಕ್ಟರು ಆ ಸಲ ಟೈಲರಮ್ಮನ ರಾತ್ರಿ ಮಾತ್ರೆಯ ಪ್ರಮಾಣ ಇಳಿಸಿದರು. ಹೊಟ್ಟೆ ಸಡಿಲಾಗುವ ಔಷಧಿಯನ್ನು ಮೊದಲ ದಿನದಿಂದಲೇ ಕೊಟ್ಟರು. ಎಲ್ಲ ಸರಿಹೋಯಿತೆಂದು ಬೊಗಳೆ ಬಿಡುವುದಿಲ್ಲ. ಎರಡು ದಿನ ಹೊಟ್ಟೆ ತೊಳಸಿತು, ಬೆಳಗಿನ ಹೊತ್ತು ಸ್ವಲ್ಪ ಮಂಪರಿತ್ತು, ಆ ಮಂಪರು ಇಳಿಯುವವರೆಗೆ ಅವಳು ಕತ್ತರಿ ಮುಟ್ಟಲಿಲ್ಲ. ಆದರೆ ವಾಂತಿ ಆಗಲಿಲ್ಲ. ಐದನೆಯದಕ್ಕೂ ಹೋದಳು, ಆರನೆಯದಕ್ಕೂ ಹೋದಳು.

ಈಗ ನಿಮ್ಮ ಜೊತೆ ಎರಡು ಮಾತು. ನಿಮ್ಮ ಮನೆಯಲ್ಲೂ ಕಿಮೊ ಪಡೆಯುವವರಿದ್ದರೆ ವಾಂತಿ ತಡೆಯುವ ಮಾತ್ರೆಯನ್ನು ಸ್ಟ್ರಿಪ್‌ನಿಂದ ಬಿಡಿಸಿ ಇಡಬೇಡಿ, ಚೀಟಿ ಓದಿ, ಹೇಳಿದ ಹೊತ್ತಿಗೇ ಕೊಡಿ. ವಾಂತಿ ಬರಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ. ನಿದ್ದೆ, ತಲೆನೋವು, ಹೊಟ್ಟೆ ಕಟ್ಟುವುದು, ಇವಕ್ಕೆಲ್ಲ ಪರಿಹಾರವಿದೆ, ಆದರೆ ನೀವು ಹೇಳಬೇಕು. ಕುತ್ತಿಗೆ, ದವಡೆ, ಕಣ್ಣು ತಾನಾಗಿ ಎಳೆದುಕೊಂಡರೆ, ಕೂತಲ್ಲಿ ಕೂರಲಾಗದ ಚಡಪಡಿಕೆ ಬಂದರೆ, ಎದೆ ಹೊಡೆದುಕೊಂಡು ತಲೆ ಸುತ್ತಿದರೆ, ಹೊಟ್ಟೆ ಉಬ್ಬಿ ನೋವಾದರೆ, ನೀರೂ ನಿಲ್ಲದಿದ್ದರೆ, ಜ್ವರ ಬಂದರೆ, ಆಗ ಯೋಚನೆ ಮಾಡುತ್ತಾ ಕೂರಬೇಡಿ, ಹಗಲಾಗಲಿ ರಾತ್ರಿಯಾಗಲಿ ತಕ್ಷಣ ಆಸ್ಪತ್ರೆಗೆ ಹೋಗಿ. ಕಾರ್ಡಿನ ಹಿಂದಿರುವ ನಂಬರನ್ನು ಇವತ್ತೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಅನುಮಾನ ಬಂದರೆ ಬರಲಿ, ಅದು ನಿಮ್ಮ ಹಕ್ಕು, ಜೋರಾಗಿಯೇ ಕೇಳಿ. ಮಾತ್ರೆಯನ್ನು ನುಂಗಿ, ಅನುಮಾನವನ್ನು ನುಂಗಬೇಡಿ.